ಪುಟ್ಟನ ಪ್ರಶ್ನೆಗೆ

ಮ್ಯಾಂಚೆಸ್ಟರ್

ಪ್ರೀತಿಯ ಅಕ್ಕನಿಗೆ ನಮಸ್ಕಾರ. ನಾವೆಲ್ಲ ಆರಾಮ ಇದ್ದೇವೆ.

ಕ್ಯಾನ್ಸರಿನ ಕೀಮೋ ಔಷಧಿ ಮುಗಿದರೂ ಪುಟ್ಟ ರಾತ್ರಿ ಎದ್ದು ಕೂಡುತ್ತಾನೆ, "ನಾನೇನು ತಪ್ಪು ಮಾಡಿದ್ದೆ ಅಂತ ದೇವರು ನನಗೆ ಈ ರೋಗ ಕೊಟ್ಟ?" ಅಂತ ಕೇಳುತ್ತಾನೆ ಅಂದೆಯಲ್ಲ, ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ನಾನು ಕೆಲಸ ಮಾಡುವ ಇಲ್ಲಿನ ಆಸ್ಪತ್ರೆಯ ವಾರ್ಡಿನ ಮಕ್ಕಳೂ ಇದನ್ನೇ ಕೇಳುತ್ತಾರೆ. ಚರ್ಚಿಗೆ ಹೋಗುವವರು, ಮಸೀದಿಗೆ ಹೋಗುವವರು, ಎಲ್ಲಿಗೂ ಹೋಗದವರು. ಔಷಧಿ ನಡೆಯುವಾಗ ಒಂದು ಧೈರ್ಯ ಇರುತ್ತದೆ. ನಿಂತ ಮೇಲೆ ಭಯ ಜಾಸ್ತಿ. ಚೆಕಪ್ ಹತ್ತಿರ ಬಂದರಂತೂ ಹೊಟ್ಟೆನೋವು, ನಿದ್ದೆ ಇಲ್ಲ. ಪುಟ್ಟನಿಗೆ ಬಂದಂಥ ಎ.ಎಲ್.ಎಲ್. ಅನ್ನುವ ರಕ್ತದ ಕ್ಯಾನ್ಸರ್ ಆದ 100 ಮಕ್ಕಳಲ್ಲಿ ಇಲ್ಲಿ ಸುಮಾರು 90 ಮಕ್ಕಳು ಐದು ವರ್ಷ ದಾಟುತ್ತಾರೆ. ಆದರೆ ಲೆಕ್ಕ ಕೇಳಿ ಮಗುವಿನ ಭಯ ಹೋಗುವುದಿಲ್ಲ, ಅಲ್ವಾ?

ಇದು ನಿನ್ನ ತಪ್ಪಿಂದ ಬಂದಿದ್ದಲ್ಲ ಅಂತ ಅವನಿಗೆ ಮತ್ತೆ ಮತ್ತೆ ಹೇಳು. ಎಲುಬಿನೊಳಗೆ ರಕ್ತ ತಯಾರಾಗುವ ಕಡೆ ಕೆಟ್ಟ ಕಣ ಬೆಳೆದವು, ಅಷ್ಟೇ. ಹಿಂದಿನ ಜನ್ಮದ ಕರ್ಮ ಅಂತ ಯಾರಾದರೂ ಅವನ ಮುಂದೆ ಅಂದರೆ ಅಲ್ಲೇ ತಡೆ. ದೊಡ್ಡವರಿಗೆ ಅದರಿಂದ ಸಮಾಧಾನ ಸಿಗಬಹುದು, ಮಗುವಿಗೆ ಅದು ಶಿಕ್ಷೆ. ದೇವರ ಮೇಲೆ ಸಿಟ್ಟು ಬಂದರೆ ಬರಲಿ, ಬಾಯಿ ಮುಚ್ಚಿಸಬೇಡ.

ಇಲ್ಲಿ 'ಬೀಡ್ಸ್ ಆಫ್ ಕರೇಜ್', ಅಂದರೆ ಧೈರ್ಯದ ಮಣಿ, ಅಂತ ಮಕ್ಕಳಿಗೆ ಮಣಿ ಕೊಡುತ್ತಾರೆ. ಸೂಜಿ ಚುಚ್ಚಿಸಿಕೊಂಡರೆ ಕಪ್ಪು, ಕೀಮೋಗೆ ಬಿಳಿ, ಆಸ್ಪತ್ರೆಯಲ್ಲಿ ಕಳೆದ ರಾತ್ರಿಗೆ ಹಳದಿ. ಮೊನ್ನೆ ಒಬ್ಬಳು ಹುಡುಗಿ ಸರವನ್ನು ಹಾಸಿಗೆ ತುಂಬ ಹರವಿ, ಕಪ್ಪು ಮಣಿಗಳ ಮೇಲೆ ಬೆರಳಿಟ್ಟು, "ಇಲ್ಲಿ ಅತ್ತಿದ್ದೆ, ಇಲ್ಲಿ ಅಳಲಿಲ್ಲ" ಅಂತ ತೋರಿಸಿದಳು. ಬಾಯಿಬಿಟ್ಟು ಹೇಳಲು ಆಗದ್ದನ್ನೆಲ್ಲ ಅವಳು ಹಾಗೆ ಹೇಳಿಬಿಟ್ಟಳು ಅಕ್ಕ. ಸುಭಾಸ ರೋಡಿನಲ್ಲಿ ಬಣ್ಣದ ಮಣಿ ತಗೊಂಡು ಬಾ, ಇಬ್ಬರೂ ಕೂತು ಪೋಣಿಸಿ. ಯಾವ ಮಣಿ ಯಾವುದಕ್ಕೆ ಅಂತ ಅವನೇ ಹೇಳಲಿ.

ಅವ್ವ ಸಿದ್ಧಾರೂಢ ಅಜ್ಜನ ಮಠಕ್ಕೆ ಹರಕೆ ತೀರಿಸಬೇಕು ಅಂದಳಂತೆ. ಹೋಗಿ ಬನ್ನಿ. ಶಿವರಾತ್ರಿ ಜಾತ್ರೆಯ ಗದ್ದಲದಲ್ಲಿ ಬೇಡ, ಡಾಕ್ಟರನ್ನು ಕೇಳಿ ಬೇರೆ ದಿನ ಹೋಗಿ. ಅಲ್ಲಿ ಸುಮ್ನೆ ಕೂತು 'ಓಂ ನಮಃ ಶಿವಾಯ' ಕೇಳುವುದು ಅವನಿಗೆ ಮೊದಲಿಂದಲೂ ಇಷ್ಟ. ಆದರೆ "ಅಜ್ಜ ಉಳಿಸಿದ್ದಾನೆ, ಇನ್ನು ಜಾಣನಾಗಿರಬೇಕು" ಅನ್ನಬೇಡಿ. ಅವನು ಹಟ ಮಾಡಲಿ, ಅಂಗಳದಲ್ಲಿ ಕಿರುಚಾಡಲಿ. ಉಳಿದಿದ್ದಕ್ಕೆ ಸಾಲ ತೀರಿಸುವವನ ಹಾಗೆ ಬೆಳೆಯಬಾರದು.

ನಿದ್ದೆ ಹೀಗೇ ಕೆಟ್ಟರೆ ಧಾರವಾಡದ ಮನೋರೋಗ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗು. ಮಂದಿ ಏನಾದರೂ ಅನ್ನಲಿ.

ಮುಂದಿನ ಚೆಕಪ್ ತಾರೀಖು ತಿಳಿಸು. ಅವತ್ತು ರಜೆ ಹಾಕಿ, ರಿಪೋರ್ಟ್ ಬರುವ ತನಕ ವಿಡಿಯೋ ಕಾಲ್‌ನಲ್ಲಿ ಅವನ ಜೊತೆ ಇರುತ್ತೇನೆ.

ನಿನ್ನ ತಂಗಿ