ಖಾರಾ ಬಿಸ್ಕತ್ತು ಮಾಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಅಯ್ಯಂಗಾರ್ ಬೇಕರಿ ರುಚಿಯ ಖಾರಾ ಬಿಸ್ಕತ್ತಿನ ಅಳತೆ ಕೇಳಿದ್ದಿರಿ. ಮೈದಾ 200 ಗ್ರಾಂ, ಬೆಣ್ಣೆ 100 ಗ್ರಾಂ, ಸಕ್ಕರೆ ಪುಡಿ 2 ಚಮಚ, ಉಪ್ಪು ಮುಕ್ಕಾಲು ಟೀ ಚಮಚ, ಗಟ್ಟಿ ಮೊಸರು 2 ಚಮಚ, ಹಸಿಮೆಣಸಿನಕಾಯಿ 3, ಕರಿಬೇವು, ಕೊತ್ತಂಬರಿ.

ಸೊಪ್ಪನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸಿಯೇ ಹೆಚ್ಚಿ. ನೀರು ಉಳಿದರೆ ಬಿಸ್ಕತ್ತು ಮೆತ್ತಗಾಗುತ್ತೆ. ಬೆಣ್ಣೆ ಕರಗಿಸಬೇಡಿ, ಹಾಗೇ ಮೈದಾ, ಸಕ್ಕರೆ ಪುಡಿ, ಉಪ್ಪು, ಹೆಚ್ಚಿದ ಮೆಣಸಿನಕಾಯಿ, ಸೊಪ್ಪಿನ ಜೊತೆ ಬೆರೆಸಿ. ಮೊಸರು ಹಾಕಿದ ಮೇಲೆ ಚಪಾತಿ ಹಿಟ್ಟಿನ ಹಾಗೆ ನಾದಿದರೆ ಗಟ್ಟಿಯಾಗೋದು ಗ್ಯಾರಂಟಿ, ಉಂಡೆ ಕೂಡಿದರೆ ಸಾಕು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಕಾಲು ಇಂಚು ದಪ್ಪ ಲಟ್ಟಿಸಿ, ಬಿಸ್ಕತ್ತಿನ ಆಕಾರಕ್ಕೆ ಕತ್ತರಿಸಿ, ಮೊದಲೇ ಕಾದ ಓವನ್ನಿನಲ್ಲಿ 170 ಡಿಗ್ರಿಗೆ 18ರಿಂದ 20 ನಿಮಿಷ. ಅಂಚು ಕೆಂಪಗಾದ ತಕ್ಷಣ ತೆಗೀರಿ, ನಡುಭಾಗ ಆರಿದ ಮೇಲೆ ಗರಿಗರಿಯಾಗುತ್ತೆ. ಬಿಸಿ ಬಿಸಿ ಡಬ್ಬಿಗೆ ತುಂಬಬೇಡಿ. ಚಿಕ್ಕ ಮಕ್ಕಳಿದ್ದರೆ ಮೆಣಸಿನಕಾಯಿ ಬೀಜ ತೆಗೆದುಬಿಡಿ.