ಇನ್ನು ಮುಂದೆ ನೋಟ್ಸ್ ಕೊಡುವುದಿಲ್ಲ, ಯಾಕೆ ಅಂತ ಹೇಳುತ್ತೇವೆ

ಪೋಷಕರಿಗೆ ನಮಸ್ಕಾರ.

ನಿಮ್ಮ ಮಗ ಅಥವಾ ಮಗಳು ನಮ್ಮಲ್ಲಿ ಸೆಕೆಂಡ್ ಪಿಯುಸಿ ಆರ್ಟ್ಸ್ ಅಥವಾ ಕಾಮರ್ಸ್ ಟ್ಯೂಷನ್‌ಗೆ ಬರುತ್ತಿದ್ದರೆ ಈ ಪತ್ರ ನಿಮಗೆ. ಬರುವ ತಿಂಗಳಿನಿಂದ ಶನಿವಾರದ ಕ್ಲಾಸ್ ಬದಲಾಗುತ್ತಿದೆ. ಇಷ್ಟು ದಿನ ಶನಿವಾರ ಪ್ರಶ್ನೋತ್ತರ ಬರೆಸುತ್ತಿದ್ದೆವು, ಜೆರಾಕ್ಸ್ ನೋಟ್ಸ್ ಹಂಚುತ್ತಿದ್ದೆವು. ಇನ್ನು ಎರಡೂ ಇರುವುದಿಲ್ಲ. ಆ ಎರಡೂವರೆ ಗಂಟೆ ಮಕ್ಕಳು ಓದುತ್ತಾರೆ, ಓದಿದ್ದರ ಬಗ್ಗೆ ತಾವೇ ಬರೆಯುತ್ತಾರೆ.

ನೋಟ್ಸ್ ಕೊಡದ ಟ್ಯೂಷನ್ ಎಂಥದ್ದು ಅಂತ ನಿಮಗೆ ಅನ್ನಿಸಬಹುದು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇವೆ.

ಹೋದ ವರ್ಷ ನಮ್ಮಲ್ಲಿ ಓದಿ ಒಳ್ಳೆ ಅಂಕ ತೆಗೆದ ಹುಡುಗನೊಬ್ಬ, ಡಿಗ್ರಿಗೆ ಸೇರಿದ ಎರಡು ತಿಂಗಳಿಗೆ ನಮ್ಮನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಹದಿನೆಂಟು ಪುಟದ ಒಂದು ಲೇಖನ. ಅದನ್ನು ಓದಿ ನಾಲ್ಕು ಪುಟದ ಅಸೈನ್‌ಮೆಂಟ್ ಬರೆಯಬೇಕಿತ್ತು. 'ಸರ್, ಮೂರು ಸಲ ಓದಿದೆ. ಇದರಲ್ಲಿ ಯಾವ ಪ್ರಶ್ನೆಗೆ ಉತ್ತರ ಇದೆ ಅಂತಾನೇ ಗೊತ್ತಾಗ್ತಿಲ್ಲ' ಅಂದ. ಅವನು ದಡ್ಡನಲ್ಲ. ಹತ್ತು ಅಂಕದ ಉತ್ತರವನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದ. ಆದರೆ ಆ ಉತ್ತರ ನಾವು ಬರೆಸಿದ್ದು. ಪಾಠ ಓದಿ, ಇದು ಮುಖ್ಯ, ಇದು ಬೇಡ ಅಂತ ಆರಿಸುವ ಕೆಲಸವನ್ನು ಅವನ ಬದಲು ನಾವೇ ಎರಡು ವರ್ಷ ಮಾಡಿಬಿಟ್ಟಿದ್ದೆವು. ಸಹಾಯ ಅಂದುಕೊಂಡೇ ಮಾಡಿದೆವು. ಅವನು ಹೋದ ಮೇಲೆ ನಾವು ನಾಲ್ವರು ಮೇಷ್ಟ್ರು ಬಹಳ ಹೊತ್ತು ಮಾತಾಡದೆ ಕೂತಿದ್ದೆವು.

ನಮ್ಮ ಚಿತ್ರದುರ್ಗ ಜಿಲ್ಲೆಯ ಮಕ್ಕಳು ಹೆಚ್ಚಾಗಿ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಗೇ ಹೋಗುತ್ತಾರೆ. ಅಲ್ಲಿ ಸೆಮಿಸ್ಟರ್ ಬೇಗ ಓಡುತ್ತದೆ. ಒಂದೇ ವಿಷಯಕ್ಕೆ ಎರಡು ಮೂರು ಪುಸ್ತಕ, ಒಂದು ಪುಸ್ತಕ ಹೇಳಿದ್ದನ್ನು ಇನ್ನೊಂದು ಒಪ್ಪುವುದಿಲ್ಲ. ಎರಡನ್ನೂ ಓದಿ, ಯಾರು ಏನು ಹೇಳಿದರು, ಯಾವ ಆಧಾರದ ಮೇಲೆ ಹೇಳಿದರು ಅಂತ ಬರೆಯಬೇಕು. ಇದು ಒಂದೇ ದಿನದಲ್ಲಿ ಬರುವ ವಿದ್ಯೆ ಅಲ್ಲ. ಪಿಯುಸಿಯಲ್ಲೇ ಶುರುವಾಗಬೇಕು.

ಕಳೆದ ವರ್ಷದ ಕೊನೆಯಲ್ಲಿ ಎಂಟು ಶನಿವಾರ ಹನ್ನೊಂದು ಮಕ್ಕಳ ಜೊತೆ ಇದನ್ನು ಮಾಡಿ ನೋಡಿದೆವು. ಮೊದಲು ತಗೊಂಡಿದ್ದು ನಮ್ಮ ಚಂದ್ರವಳ್ಳಿಯ ಶಾಸನ. ಭೈರವೇಶ್ವರ ಗುಡಿ ಹತ್ತಿರದ ಬಂಡೆಯ ಮೇಲೆ ಇದೆಯಲ್ಲ, ಅದೇ. ಪ್ರಾಕೃತ ಭಾಷೆಯ ಪುಟ್ಟ ಶಾಸನ. ಕದಂಬರ ಮಯೂರಶರ್ಮ ಕೆರೆ ಮಾಡಿಸಿದ ವಿಷಯ ಅದರಲ್ಲಿದೆ. 1929ರ ಸುಮಾರಿಗೆ ಪುರಾತತ್ವ ವಿದ್ವಾಂಸ ಎಂ.ಎಚ್. ಕೃಷ್ಣ ಅವರು ಇದನ್ನು ಓದಿದಾಗ, ಮಯೂರಶರ್ಮ ಸೋಲಿಸಿದವರು ಅಂತ ತ್ರೈಕೂಟ, ಅಭೀರ, ಪಲ್ಲವ ಮುಂತಾದ ಹೆಸರುಗಳ ದೊಡ್ಡ ಪಟ್ಟಿಯೇ ಅವರಿಗೆ ಕಾಣಿಸಿತು. ಆಮೇಲೆ ಬಂದ ಕೆಲವು ವಿದ್ವಾಂಸರು ಅಕ್ಷರ ಬಹಳ ಸವೆದಿದೆ, ಆ ಓದನ್ನು ಹಾಗೇ ನಂಬುವಂತಿಲ್ಲ ಅಂದರು. ಎರಡೂ ವಾದಗಳನ್ನು ಎರಡು ಹಾಳೆಯಲ್ಲಿ ಕೊಟ್ಟು ಕೇಳಿದ್ದು ಒಂದೇ ಪ್ರಶ್ನೆ: ಇವರಿಬ್ಬರ ನಡುವೆ ಭಿನ್ನಾಭಿಪ್ರಾಯ ಯಾವುದರ ಬಗ್ಗೆ?

ಮೊದಲ ವಾರ ಹನ್ನೊಂದರಲ್ಲಿ ಒಂಬತ್ತು ಮಕ್ಕಳು 'ಮಯೂರಶರ್ಮ ಕದಂಬ ವಂಶದ ಸ್ಥಾಪಕ' ಅಂತ ಶುರು ಮಾಡಿದರು. ಕೇಳಿದ್ದು ಅದಲ್ಲ. ಕಂಠಪಾಠ ಮಾಡಿದ್ದು ಅದು, ಅದೇ ಹೊರಗೆ ಬಂತು.

ಆಗ ವಿಧಾನ ಬದಲಿಸಿದೆವು. ಮೊದಲ ಸಲ ಪೆನ್ನು ಮುಟ್ಟದೆ ಓದುವುದು. ಎರಡನೇ ಸಲ, ಪ್ರತಿ ಪ್ಯಾರಾದ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಮೂರೇ ಮಾತು ಬರೆಯುವುದು. ಆಮೇಲೆ ಹಾಳೆ ಮುಚ್ಚಿಟ್ಟು ಪಕ್ಕದವರಿಗೆ ಬಾಯಲ್ಲಿ ಹೇಳುವುದು. ಕೊನೆಗೆ ಐದು ವಾಕ್ಯ ಬರೆಯುವುದು. ಅದೇ ಐದು ವಾಕ್ಯವನ್ನು ಮುಂದಿನ ವಾರ ತಿದ್ದಿ ಮತ್ತೆ ಬರೆಯುವುದು. ಈ ತಿದ್ದಿ ಬರೆಯುವುದಿದೆಯಲ್ಲ, ಮಕ್ಕಳಿಗೆ ಬೇಜಾರಾಗುವುದೂ ಅಲ್ಲೇ, ಕಲಿಯುವುದೂ ಅಲ್ಲೇ.

ನಾಲ್ಕನೇ ವಾರ ಒಬ್ಬ ಹುಡುಗಿ ಅಪ್ಪನನ್ನು ಕರೆದುಕೊಂಡು ಹೋಗಿ ಬಂಡೆ ನೋಡಿಕೊಂಡು ಬಂದಿದ್ದಳು. ಅವಳ ಬರಹ ಹೀಗೆ ಶುರುವಾಗಿತ್ತು: 'ನನಗೆ ಎರಡನೆಯವರ ಮಾತು ಹೆಚ್ಚು ಸರಿ ಅನ್ನಿಸುತ್ತದೆ, ಯಾಕೆಂದರೆ...' ಆ 'ಯಾಕೆಂದರೆ' ನೋಡಿ ನಮಗೆ ಆದ ಸಂತೋಷ ಹೇಳಲು ಬರುವುದಿಲ್ಲ. ಕಾಗುಣಿತದ ತಪ್ಪು ಇತ್ತು, ಇರಲಿ. ಅದು ಅವಳ ಸ್ವಂತ ವಾಕ್ಯ.

ಇಂಗ್ಲಿಷ್ ಬಗ್ಗೆ ಕೆಲವರು ಕೇಳಿದ್ದೀರಿ. ಹೌದು, ಬಿಕಾಂಗೆ ಹೋಗುವವರಿಗೆ ಪುಸ್ತಕ ಜಾಸ್ತಿ ಇಂಗ್ಲಿಷಲ್ಲೇ ಇರುತ್ತವೆ. ಆದರೆ ಒಂದು ಲೇಖನದ ವಾದವನ್ನು ಕನ್ನಡದಲ್ಲೇ ಹೇಳಲಾಗದ ಮಗು ಇಂಗ್ಲಿಷಿನಲ್ಲಿ ಹೇಗೆ ಹೇಳೀತು? ಮೊದಲ ಮೂರು ತಿಂಗಳು ಕನ್ನಡ, ಆಮೇಲೆ ವಾರಕ್ಕೆ ಒಂದು ಪುಟ ಇಂಗ್ಲಿಷ್. ಇದರಲ್ಲಿ ಆತುರ ಮಾಡುವುದಿಲ್ಲ.

ಅಂಕ ಕಡಿಮೆಯಾಗುತ್ತದಾ ಅನ್ನುವ ಭಯ ನಮಗೆ ಅರ್ಥವಾಗುತ್ತದೆ. ಸೋಮವಾರದಿಂದ ಶುಕ್ರವಾರದವರೆಗಿನ ಪರೀಕ್ಷೆ ತಯಾರಿ ಹಾಗೇ ಇರುತ್ತದೆ. ಜನವರಿಯಿಂದ ಹಳೇ ಪ್ರಶ್ನೆಪತ್ರಿಕೆಗಳನ್ನೂ ಬಿಡಿಸುತ್ತೇವೆ. ಆದರೂ ಮೊದಲ ಎರಡು ತಿಂಗಳು ಶನಿವಾರದ ನೋಟ್‌ಬುಕ್ ನೋಡಿದರೆ ನಿಮಗೆ ಗಾಬರಿಯಾಗಬಹುದು. ಕಾಟು ಗೀಟು ತುಂಬಿರುತ್ತದೆ. ದಯವಿಟ್ಟು ಬೈಯಬೇಡಿ. ನೋಟ್ಸ್ ಇಲ್ಲ ಅಂತ ಅಂಗಡಿಯಿಂದ ಗೈಡ್ ತಂದುಕೊಡಬೇಡಿ. ಮೊಬೈಲಿನಿಂದ ಉತ್ತರ ಇಳಿಸಿಕೊಂಡು ಬಂದರೆ ನಾವು ತಿದ್ದುವುದಿಲ್ಲ, ವಾಪಸ್ ಕೊಡುತ್ತೇವೆ.

ಮನೆಯಲ್ಲಿ ನೀವು ಮಾಡಬಹುದಾದದ್ದು ಒಂದಿದೆ. ರಾತ್ರಿ ಊಟದ ಹೊತ್ತಿಗೆ 'ಇವತ್ತು ಏನು ಓದಿದೆ, ನನಗೆ ಹೇಳು' ಅನ್ನಿ. ನಿಮಗೆ ಓದು ಬರಹ ಬಾರದಿದ್ದರೂ ಪರವಾಗಿಲ್ಲ. ಅರ್ಥವಾಗದಿದ್ದರೆ 'ಇನ್ನೊಂದ್ಸಲ ಹೇಳು' ಅನ್ನಿ, ಅಷ್ಟೇ ಸಾಕು. ಅಪ್ಪ ಅಮ್ಮನಿಗೆ ಅರ್ಥವಾಗುವ ಹಾಗೆ ಹೇಳಲು ಬಂದರೆ ಬರೆಯಲೂ ಬರುತ್ತದೆ.

ಫೀಸು ಹೆಚ್ಚಾಗಿಲ್ಲ. ನೋಟ್ಸ್‌ಗೆ ಅಂತ ತಗೊಳ್ಳುತ್ತಿದ್ದ 600 ರೂಪಾಯಿ ಇನ್ನು ಬೇಡ. ಈಗಾಗಲೇ ಕಟ್ಟಿದವರಿಗೆ ಮುಂದಿನ ಕಂತಿನಲ್ಲಿ ಕಳೆಯುತ್ತೇವೆ. ಈ ಬದಲಾವಣೆ ಬೇಡ ಅನ್ನುವವರು ತಿಂಗಳ ಕೊನೆಯೊಳಗೆ ತಿಳಿಸಿ. ಉಳಿದ ಫೀಸು ವಾಪಸ್ ಕೊಡುತ್ತೇವೆ, ಯಾವ ಬೇಸರವೂ ಇಲ್ಲ.

ಶನಿವಾರ ಮಧ್ಯಾಹ್ನ 2 ಗಂಟೆಗೆ ಶುರು, 4.30ಕ್ಕೆ ಮುಗಿಯುತ್ತದೆ. ಹೊಳಲ್ಕೆರೆ, ಭರಮಸಾಗರ ಕಡೆಯ ಮಕ್ಕಳು ಕತ್ತಲಾಗುವ ಮುಂಚೆ ಮನೆ ಸೇರಲಿ ಅಂತ ಈ ಸಮಯ ಇಟ್ಟಿದ್ದೇವೆ. 200 ಪುಟದ ಗೆರೆ ನೋಟ್‌ಬುಕ್ ಮತ್ತು ಒಂದು ಪೆನ್ಸಿಲ್ ಕೊಟ್ಟು ಕಳಿಸಿ. ಓದುವ ಹಾಳೆ ನಾವು ಕೊಡುತ್ತೇವೆ.

ಇಂತಿ,
ನಿಮ್ಮ ಮಕ್ಕಳ ನಾಲ್ವರು ಮೇಷ್ಟ್ರು
ಚಿತ್ರದುರ್ಗ