ಕಿಟಕಿಯ ಬೆಳಕು: ತಮ್ಮನಿಗೊಂದು ಪತ್ರ

ಶಿರಸಿ
ಶ್ರಾವಣ ಮಾಸ

ಚಿ. ತಮ್ಮನಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಹಿಡಿದ ಮಳೆ ಬಿಟ್ಟಿಲ್ಲ. ತೋಟಕ್ಕೆ ಎರಡನೆಯ ಸಲ ಮದ್ದು ಹೊಡೆಯಬೇಕು, ಹೊಳವಾಗುವುದನ್ನೇ ಕಾಯುತ್ತಿದ್ದೇವೆ. ನಿನ್ನ ಪತ್ರವೂ ಚಿತ್ರಗಳೂ ತಲುಪಿದವು. ಮುರ್ಡೇಶ್ವರದ ಶಿವ, ಯಾಣದ ಬಂಡೆ, ಕಾರವಾರದ ಟಾಗೋರ್ ಕಡಲತೀರದ ಸೂರ್ಯಾಸ್ತ ಎಲ್ಲವೂ ಸ್ಪಷ್ಟವಾಗಿ ಬಂದಿವೆ. ಆದರೆ ಅದೇ ಜಾಗದಲ್ಲಿ ನಿಂತು ಬೇರೆಯವರು ತೆಗೆದ ಚಿತ್ರಗಳ ನಡುವೆ ಇವನ್ನು ಇಟ್ಟರೆ ನಿನ್ನವು ಯಾವುವೆಂದು ಆರಿಸಲು ನನ್ನಿಂದಾಗದು.

ಮಳೆ ಶುರುವಾದ ಮೇಲೆ ಕ್ಯಾಮೆರಾ ಚೀಲದಿಂದ ಹೊರಗೇ ಬಂದಿಲ್ಲ, ಕಾರವಾರದ ಕೋಡಿಬಾಗದ ಬಾಡಿಗೆ ಮನೆಯಲ್ಲಿ ತೆಗೆಯುವಂಥದ್ದು ಏನಿದೆ ಎಂದು ಬರೆದಿದ್ದೀಯಲ್ಲ, ಆ ಮಾತು ಎರಡು ದಿನ ನನ್ನ ತಲೆಯಲ್ಲೇ ಕುಳಿತಿತ್ತು. ಕಂತಿನಲ್ಲಿ ಉದ್ದದ ಲೆನ್ಸ್ ಕೊಳ್ಳಲೇ ಎಂಬ ನಿನ್ನ ಪ್ರಶ್ನೆಯನ್ನು ಆಮೇಲೆ ನೋಡೋಣ.

ತಮ್ಮಾ, ಛಾಯಾಗ್ರಹಣ ಹುಟ್ಟಿದ್ದೇ ಮನೆಯ ಕಿಟಕಿಯಲ್ಲಿ. ಕ್ಯಾಮೆರಾದಲ್ಲಿ ಮೂಡಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಚಿತ್ರವನ್ನು ಫ್ರಾನ್ಸಿನ ನಿಯೆಪ್ಸ್ 1826-27ರ ಸುಮಾರಿಗೆ ತನ್ನ ಮನೆಯ ಮಹಡಿಯ ಕಿಟಕಿಯಿಂದ ತೆಗೆದ. ಕಾಣುವುದು ಪಕ್ಕದ ಮಾಡು, ಗೋಡೆ, ಅಷ್ಟೇ. ಇಂಗ್ಲೆಂಡಿನ ಟಾಲ್ಬಟ್ 1835ರ ಆಗಸ್ಟ್‌ನಲ್ಲಿ ತನ್ನ ಮನೆಯ ಜಾಲರಿ ಕಿಟಕಿಯನ್ನೇ ತೆಗೆದ. ಇಂದಿಗೆ ಉಳಿದಿರುವ ನೆಗೆಟಿವ್‌ಗಳಲ್ಲಿ ಅದೇ ಮೊದಲಿನದು. ಅಂಚೆಚೀಟಿಯಷ್ಟು ಅಗಲದ ಆ ಕಾಗದದಲ್ಲಿ, ಕಿಟಕಿಯ ಸುಮಾರು 200 ಗಾಜಿನ ಚೌಕಗಳನ್ನು ತೆಗೆದ ಹೊಸದರಲ್ಲಿ ಭೂತಗನ್ನಡಿ ಹಿಡಿದರೆ ಎಣಿಸಬಹುದಿತ್ತೆಂದು ಅವನೇ ಬರೆದಿಟ್ಟಿದ್ದಾನೆ. ನಿನ್ನ ಬಾಡಿಗೆ ಮನೆಗೂ ಕಿಟಕಿ ಇದೆ.

ಈ ಮಳೆಗಾಲ ಮುಗಿಯುವವರೆಗೆ ಒಂದೇ ಕಿಟಕಿ, ಒಂದೇ ವಸ್ತು ಹಿಡಿದುಕೋ. ನಾನಾದರೆ ನಿನ್ನ ಅಮ್ಮ ಕಳಿಸಿಕೊಟ್ಟ ಹಿತ್ತಾಳೆ ತಂಬಿಗೆಯನ್ನು ಆರಿಸುತ್ತಿದ್ದೆ. ಮೊದಲು ಟ್ಯೂಬ್‌ಲೈಟ್ ನಂದಿಸು. ಹಗಲ ಬೆಳಕಿನ ಬಣ್ಣವೇ ಬೇರೆ, ದೀಪದ ಬಣ್ಣವೇ ಬೇರೆ. ಎರಡೂ ಕೂಡಿದರೆ ಒಂದನ್ನು ಸರಿಪಡಿಸಿದಾಗ ಇನ್ನೊಂದು ಕೆಡುತ್ತದೆ. ತಂಬಿಗೆಯನ್ನು ಕಿಟಕಿಯಿಂದ ಒಂದು ಗೇಣು ದೂರವಿಟ್ಟು ಒಂದು ಚಿತ್ರ, ಒಂದು ಮಾರು ದೂರವಿಟ್ಟು ಇನ್ನೊಂದು. ಬೆಳಕು ಎಷ್ಟು ಬೇಗ ಕುಗ್ಗುತ್ತದೆ ಎಂದು ಆಗ ತಿಳಿಯುತ್ತದೆ. ನೆರಳಿನ ಬದಿಗೆ ಬಿಳಿ ಕಾಗದ ಹಿಡಿದರೆ ಕತ್ತಲೆ ತೆಳುವಾಗುತ್ತದೆ. ಅದರ ಬದಲು ಕಪ್ಪು ಬಟ್ಟೆ ಹಿಡಿದು ನೋಡು, ತಂಬಿಗೆಯ ಹೊಟ್ಟೆ ದುಂಡಗೆ ಎದ್ದು ನಿಲ್ಲುತ್ತದೆ. ನಿನ್ನದು ಪಡುವಣ ಕಿಟಕಿ. ಮಧ್ಯಾಹ್ನದ ಮೇಲೆ ಬಿಸಿಲು ನೇರ ಒಳಗೆ ಬಂದ ದಿನ ತೆಳು ಬಿಳಿ ಪಂಚೆಯನ್ನು ಅಡ್ಡ ಕಟ್ಟು. ಮೋಡದ ದಿನ ಆ ಪಂಚೆಯೂ ಬೇಡ, ಮೋಡವೇ ಆಕಾಶದಷ್ಟು ದೊಡ್ಡ ಪಂಚೆ.

ಮಳೆಗಾಲದ ಮನೆಯಲ್ಲಿ ಬೆಳಕು ಕಡಿಮೆ, ಕೈ ನಡುಗಿದ್ದು ಚಿತ್ರದಲ್ಲಿ ಕಾಣುತ್ತದೆ. ಮಣೆಯ ಮೇಲೆ ಮಣೆ ಪೇರಿಸಿ ಕ್ಯಾಮೆರಾ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಹಾಕು. ಜನರನ್ನು ತೆಗೆಯುವಾಗ, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್‌ಒ 1600ಕ್ಕೆ ಏರಿಸಲು ಹೆದರಬೇಡ. ಕಾಳುಕಾಳಾದ ಮುಖವನ್ನು ನೋಡಬಹುದು, ಅಲುಗಿದ ಮುಖವನ್ನು ನೋಡಲಾಗದು.

ಇನ್ನೊಂದು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರು ಎದುರಿಗಿರುವುದನ್ನೆಲ್ಲ ನಡುವಣ ಬೂದುಬಣ್ಣವೆಂದು ಎಣಿಸಿ ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಬಿಳಿ ಪಂಚೆ ಇದ್ದರೆ ಮಾಸಲಾಗಿ ಬರುತ್ತದೆ, ನಮ್ಮ ಕೊಟ್ಟಿಗೆಯ ಎಮ್ಮೆಯೇ ತುಂಬಿದ್ದರೆ ಬೂದಿ ಬಳಿದಂತೆ ಬರುತ್ತದೆ. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಪ್ಲಸ್-ಮೈನಸ್ ಗುಂಡಿಯಲ್ಲಿ ಬಿಳಿಗೆ ಪ್ಲಸ್ ಒಂದು, ಕಪ್ಪಿಗೆ ಮೈನಸ್ ಒಂದು ಕೊಟ್ಟು ಎರಡನ್ನೂ ತೆಗೆದು ನೋಡು. ಒಂದು ಸಂಜೆಯಲ್ಲಿ ಕಲಿತದ್ದು ಜೀವನಪೂರ್ತಿ ಇರುತ್ತದೆ.

ನಾನು ಕಲಿತದ್ದು ನಿನ್ನ ದೊಡ್ಡಪ್ಪ ತಂದುಕೊಟ್ಟ ಯಾಶಿಕಾ ಕ್ಯಾಮೆರಾದಲ್ಲಿ. ಒಂದು ರೀಲಿಗೆ 12 ಚಿತ್ರ, ಆ ರೀಲು ವರ್ಷಕ್ಕೆ ಎರಡೋ ಮೂರೋ. ಹಾಗಾಗಿ ನೋಡುವುದೇ ಹೆಚ್ಚು, ಒತ್ತುವುದು ಕಡಿಮೆ. ಜಗುಲಿಯ ಗೋಡೆಯಲ್ಲಿರುವ ನಿನ್ನ ಅಜ್ಜಿಯ ಚಿತ್ರ ನಿನಗೆ ಗೊತ್ತಲ್ಲ, ಮೊಗೆಕಾಯಿ ಹೆಚ್ಚುತ್ತಿರುವುದು? ಅದು ಆದದ್ದು ಹೀಗೆ. ಚಳಿಗಾಲ. ಅಡುಗೆಮನೆಯ ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಬೆಳಿಗ್ಗೆ ಹತ್ತರ ಹೊತ್ತಿಗೆ ಅದರ ಬಿಸಿಲು ಒರಳಿನ ಪಕ್ಕ ಬೀಳುತ್ತಿತ್ತು. ಅತ್ತೆಗೆ ಆಗಲೇ ಕಣ್ಣು ಮಂದವಾಗಿತ್ತು. ಅವರು ಮೆಟ್ಟುಗತ್ತಿಯನ್ನು ಆ ಬಿಸಿಲಿನ ತುಂಡಿನೊಳಗೇ ಇಟ್ಟುಕೊಂಡು ಕೂರುತ್ತಿದ್ದರು. ಬಿಸಿಲು ಸರಿದ ಹಾಗೆ ಮೆಟ್ಟುಗತ್ತಿಯೂ ಒಂದೊಂದು ಗೇಣು ಸರಿಯುತ್ತಿತ್ತು. ಆ ಮನೆಯಲ್ಲಿ ಹತ್ತು ವರ್ಷ ಒಟ್ಟಿಗೆ ಅಡುಗೆ ಮಾಡಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಕ್ಯಾಮೆರಾ ಬಂದ ಮೇಲೆ ಬೆಳಕನ್ನು ಹುಡುಕುತ್ತ ಹೋದಾಗ ಕಂಡಿತು. ಅವರ ಕಣ್ಣು ಅಷ್ಟು ಮಂದವಾದದ್ದು ನನಗೆ ತಿಳಿದದ್ದೂ ಆಗಲೇ.

ಎಂಟು ದಿನ ಬರಿಗೈಯಲ್ಲಿ ಕುಳಿತು ನೋಡಿದೆ. ಒಂಬತ್ತನೆಯ ದಿನ ಅವರನ್ನು ಕೇಳಿ, ಬಿಸಿಲು ಬಿದ್ದ ಕೈಗೆ ಸರಿಯಾಗಿ ಬೆಳಕಿನ ಲೆಕ್ಕ ಹಿಡಿದು, ಉಳಿದದ್ದು ಕತ್ತಲಾಗಲೆಂದು ಬಿಟ್ಟು, ಎರಡೇ ಎರಡು ಚಿತ್ರ ತೆಗೆದೆ. ಒಂದರಲ್ಲಿ ಅವರು ನನ್ನತ್ತ ನೋಡಿಬಿಟ್ಟಿದ್ದರು. ಇನ್ನೊಂದು ಗೋಡೆಯಲ್ಲಿದೆ. ಅವರ ಹೆಬ್ಬೆರಳಿನ ಕಪ್ಪು ಗೆರೆಗಳನ್ನು, ಅಡಿಕೆ ಸುಲಿದು ಸುಲಿದು ಕೂತ ಆ ಕಲೆಯನ್ನು ಇವತ್ತಿಗೂ ಎಣಿಸಬಹುದು. ಯಾಣಕ್ಕೆ ಎಂಟು ದಿನ ಸತತ ಹೋಗಲು ಯಾರಿಂದ ಸಾಧ್ಯ ಹೇಳು? ಮನೆಯಾದರೆ ನಾಳೆಯೂ ಅದೇ ಹೊತ್ತಿಗೆ ಅದೇ ಬೆಳಕು ಬರುತ್ತದೆ.

ಆ ಯಾಶಿಕಾವನ್ನು ನಾನೇ ಹಾಳು ಮಾಡಿದೆ. ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಭದ್ರವಾಗಿಟ್ಟೆ. ಚರ್ಮ ತೇವ ಹಿಡಿದಿಡುತ್ತದೆ ಎಂದು ಗೊತ್ತಿರಲಿಲ್ಲ. ಚೌತಿಗೆ ತೆಗೆದು ನೋಡಿದರೆ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಸ್ಟು ಹಬ್ಬಿತ್ತು. ಗಾಜಿನ ಮೇಲಿನ ಲೇಪವನ್ನೇ ತಿಂದಿತ್ತು, ಒರೆಸಿದರೂ ಹೋಗಲಿಲ್ಲ. ಈಗಲೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ. ನಿನ್ನದು ಇನ್ನೂ ಕಷ್ಟದ ಜಾಗ; ಮಳೆಯ ತೇವದ ಜೊತೆ ಕಡಲಿನ ಉಪ್ಪೂ ಸೇರುತ್ತದೆ. ಚೀಲದಿಂದ ಇವತ್ತೇ ಹೊರಗೆ ತೆಗೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ತೇವ ಹೀರುವ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಪುಟ್ಟ ಮೀಟರು, ಇಷ್ಟು ಸಾಕು. ಮೀಟರು ಶೇಕಡಾ 40ರಿಂದ 50ರೊಳಗೆ ಇರಲಿ. ಅಕ್ಕಿಯಲ್ಲಿ ಹುಗಿಯಬೇಡ, ಹುಡಿ ಒಳಗೆ ಸೇರುತ್ತದೆ. ಕಡಲತೀರದಿಂದ ಬಂದ ದಿನ ಮೊದಲು ಮರಳನ್ನು ಗಾಳಿಯಿಂದ ಊದಿ ತೆಗೆದು, ಕ್ಯಾಮೆರಾದ ಮೈಯನ್ನು ಹಿಂಡಿದ ಒದ್ದೆ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ ಒರೆಸು. ಎಲ್ಲಕ್ಕಿಂತ ಮುಖ್ಯವಾಗಿ ದಿನಾ ಬಳಸು. ಕತ್ತಲಲ್ಲಿ ಮುಚ್ಚಿಟ್ಟ ಲೆನ್ಸಿಗೇ ಬೂಸ್ಟು ಬರುವುದು ಹೆಚ್ಚು.

ಉದ್ದದ ಲೆನ್ಸ್ ಈಗ ಬೇಡ. ಕೊಳ್ಳಲೇಬೇಕೆಂದರೆ ಎಫ್ 1.8 ತೆರೆಯುವ ಒಂದು ಗಿಡ್ಡ ಲೆನ್ಸ್ ನೋಡು. ಈ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. ನಿನ್ನಲ್ಲಿರುವುದು 3.5ರದ್ದು; ಇದು ಅದರ ಸುಮಾರು ನಾಲ್ಕು ಪಟ್ಟು ಬೆಳಕು ಒಳಬಿಡುತ್ತದೆ, ಬೆಲೆಯೂ ಕೈಗೆಟುಕುವಂಥದ್ದು. ಕಂತು ಮಾತ್ರ ಬೇಡ. ಹವ್ಯಾಸಕ್ಕೆ ಸಾಲ ಮಾಡಿದರೆ ಕ್ಯಾಮೆರಾ ಮುಟ್ಟಿದಾಗಲೆಲ್ಲ ಸಾಲವೇ ನೆನಪಾಗುತ್ತದೆ.

ಸಂತೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಸಮುದಾಯದ ಹೆಂಗಸರ ಚಿತ್ರ ಕಳಿಸಿದ್ದೀಯ. ಕೇಳಿ ತೆಗೆದದ್ದೇ? ಕೇಳಿರದಿದ್ದರೆ ಒಂದು ಪ್ರತಿ ಅಚ್ಚು ಹಾಕಿಸಿ ಅವರ ಕೈಗೆ ಕೊಟ್ಟು ಬಾ.

ಅಡಿಕೆಯ ಕೊನೆಕೊಯ್ಲಿಗೆ ನಾಲ್ಕು ದಿನ ರಜೆ ಹಾಕಿ ಬಾ. ಗಾಜಿನ ಹೆಂಚನ್ನು ಕಳೆದ ವಾರವಷ್ಟೇ ನಿನ್ನ ದೊಡ್ಡಪ್ಪ ತೊಳೆಸಿದ್ದಾರೆ. ಅಷ್ಟರೊಳಗೆ ತಂಬಿಗೆಯ ಹತ್ತು ಚಿತ್ರಗಳನ್ನು ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸು, ಮೊಬೈಲಿನಲ್ಲಿ ಬೇಡ. ಪ್ರತಿಯೊಂದರ ಹಿಂದೆ ತೆಗೆದ ಹೊತ್ತನ್ನು ಬರೆದಿರು.

ಇಂತು ನಿನ್ನ ಪ್ರೀತಿಯ
ದೊಡ್ಡಮ್ಮ